ಮೊಣಕಾಲೆತ್ತರದ ಐದು ಮೊಳೆಗಳು

ಯಡಿಯೂರು ಕೆರೆಗೆ ಮೂರು ಸುತ್ತು ಹಾಕಿದ ನಿವೃತ್ತರು ಬೆಂಚಿನ ಮೇಲೆ ಕೂತು ತಂತಮ್ಮ ಸಕ್ಕರೆ ಕಾಯಿಲೆಯ ವರದಿ ಒಪ್ಪಿಸುವ ಹೊತ್ತು. ಕೆರೆಯ ಹಿಂದಿನ ಅಡ್ಡರಸ್ತೆಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅಷ್ಟರಲ್ಲಾಗಲೇ ಗೇಟಿನ ಬೀಗ ತೆಗೆದಾಗಿದೆ. ಕೆಳಗಿನ ತರಗತಿಯಲ್ಲಿ ಐವತ್ತೆಂಟು ವರ್ಷದ ಶಿಕ್ಷಕಿಯೊಬ್ಬರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಲದ ಮೇಲೆ ಮಂಡಿಯೂರಿದ್ದಾರೆ. ಎದುರಿನ ಗೋಡೆಯಲ್ಲೊಂದು ಉದ್ದನೆಯ ಹಲಗೆ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ. ಹಲಗೆಗೆ ಐದು ಮೊಳೆ ಹೊಡೆದಿದೆ, ಮೊಳೆಗಳಿಗೆ ಚೀಟಿಗಳು ನೇತುಬಿದ್ದಿವೆ. ಶಿಕ್ಷಕಿ ಒಂದೊಂದೇ ಚೀಟಿ ತೆಗೆದು, ಅದರಲ್ಲಿರುವ ಹೆಸರನ್ನು ಮೆಲ್ಲಗೆ ಓದಿ, ಪಕ್ಕದ ಸ್ಟೀಲ್ ತಟ್ಟೆಗೆ ಹಾಕುತ್ತಿದ್ದಾರೆ. ಒಟ್ಟು ಮೂವತ್ತೊಂದು.

ಇವರು ನೀಲಗಂಗಮ್ಮ. ಮಕ್ಕಳಿಗೂ ಮಕ್ಕಳ ಅಪ್ಪ ಅಮ್ಮಂದಿರಿಗೂ ಗಂಗಾ ಮಿಸ್. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಟ್ಟಿಗೆ ಕೂರುವ ಈ ಕೋಣೆಯಲ್ಲಿ ಅವರದು ಹತ್ತೊಂಬತ್ತನೇ ವರ್ಷ. ಅದಕ್ಕೂ ಮುಂಚಿನ ಹದಿನೈದು ವರ್ಷ ಬೇರೆ ಬೇರೆ ಊರಿನ ಶಾಲೆಗಳಲ್ಲಿ ಕಳೆದಿವೆ. ಅವರ ಫೋಟೊ ಯಾವ ಪತ್ರಿಕೆಯಲ್ಲೂ ಬಂದಿಲ್ಲ, ಶಿಕ್ಷಕರ ದಿನಾಚರಣೆಯಂದು ಶಾಲು ಹೊದಿಸಿಕೊಂಡವರ ಸಾಲಿನಲ್ಲಿ ಅವರು ಎಂದೂ ನಿಂತಿಲ್ಲ. ಕೆರೆಯ ಬೆಂಚಿನ ನಿವೃತ್ತರನ್ನು ಕೇಳಿದರೆ, ಇಲ್ಲೊಂದು ಶಾಲೆ ಇದೆಯೆಂಬುದೇ ಅರ್ಧದಷ್ಟು ಜನಕ್ಕೆ ಗೊತ್ತಿಲ್ಲ.

ಇವತ್ತು ಶನಿವಾರ. ಎಂಟಕ್ಕೆ ಬೆಲ್ಲು, ಹನ್ನೊಂದೂವರೆಗೆ ಮಕ್ಕಳಿಗೆ ಬಿಡುಗಡೆ. ಆಮೇಲೆ ಶಾಲಾಭಿವೃದ್ಧಿ ಸಮಿತಿಯ ಸಭೆಯಿದೆ. ಇದೇ ತರಗತಿಯ ಧೃತಿ ಎಂಬ ಒಂಬತ್ತು ವರ್ಷದ ಹುಡುಗಿ ಜೂನ್‌ನಲ್ಲಿ ತನ್ನ ಜೊತೆಯವರೊಂದಿಗೆ ನಾಲ್ಕನೇ ತರಗತಿಗೆ ಹೋಗುತ್ತಾಳೋ, ಇಲ್ಲ ಮನೆಯಲ್ಲೇ ಉಳಿಯುತ್ತಾಳೋ ಎಂಬುದು ಆ ಸಭೆಯಲ್ಲಿ ತೀರ್ಮಾನವಾಗಬೇಕು. ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲವೆಂದು ಗಂಗಾ ಮಿಸ್ ಮುಖವೇ ಹೇಳುತ್ತಿದೆ. ಕೇಳಿದರೆ "ವಯಸ್ಸಾಯ್ತಲ್ಲ" ಎಂದು ಜಾರಿಕೊಳ್ಳುತ್ತಾರೆ.

ಮೊದಲು ಮೊಳೆಗಳ ವಿಷಯ ಹೇಳಿಬಿಡಬೇಕು, ಯಾಕೆಂದರೆ ಈ ತರಗತಿಯ ವ್ಯವಹಾರವೆಲ್ಲ ಅವುಗಳ ಮೇಲೇ ನಿಂತಿದೆ. ಪ್ರತಿ ಮೊಳೆಯ ಕೆಳಗೆ ಒಂದು ಪದ, ಓದಲು ಬಾರದವರಿಗಾಗಿ ಒಂದು ಚಿತ್ರ. ಓದು, ಬರಿ, ಹೇಳು, ಕಟ್ಟು, ನೋಡು. ಪಾಠ ಎಲ್ಲರಿಗೂ ಒಂದೇ. ಆದರೆ ಅದನ್ನು ಯಾವ ದಾರಿಯಲ್ಲಿ ಕಲಿತು ತೋರಿಸಬೇಕೆಂಬುದು ಮಗುವಿನ ಇಷ್ಟ. ಬೆಳಗ್ಗೆ ಬಂದ ಕೂಡಲೇ ತಟ್ಟೆಯಿಂದ ತನ್ನ ಚೀಟಿ ಹುಡುಕಿ ಬೇಕಾದ ಮೊಳೆಗೆ ಸಿಕ್ಕಿಸಬೇಕು. "ಕಟ್ಟು" ಎಂದರೆ ಬೆಂಕಿಪೊಟ್ಟಣ, ಕಡ್ಡಿ, ಜೇಡಿಮಣ್ಣು ಯಾವುದರಲ್ಲಾದರೂ ಮಾಡಿ ತೋರಿಸುವುದು. "ನೋಡು" ಎಂದರೆ ಇವತ್ತು ನಾನು ಬರೀ ನೋಡುತ್ತೇನೆ, ನನ್ನನ್ನು ಯಾರೂ ಏನೂ ಕೇಳಬಾರದು ಎಂದು ಅರ್ಥ.

ಚೀಟಿಗಳು ಹಳೇ ಮದುವೆ ಕಾಗದಗಳಿಂದ ಹುಟ್ಟಿದವು. ಗಿರಿನಗರದ ಮನೆಯಲ್ಲಿ ದಿನಾ ಬೆಳಗ್ಗೆ ಐದೂವರೆಗೆ, ಹಾಲು ಉಕ್ಕುವುದರೊಳಗೆ, ಚೀಟಿಗೂ "ಕಟ್ಟು" ಮೂಲೆಗೂ ಆಗುವಂತೆ ನಾಲ್ಕೈದು ಕಾಗದ ಕತ್ತರಿಸಿ ಇಡುವುದು ಅವರ ಅಭ್ಯಾಸ. ನೆಂಟರಿಷ್ಟರೆಲ್ಲ ಮದುವೆ ಮುಗಿಸಿಕೊಂಡು ಬಂದ ಮೇಲೆ ಕಾಗದವನ್ನು ಇವರ ಮನೆಗೇ ತಲುಪಿಸುತ್ತಾರೆ. ಎರಡನೇ ತರಗತಿಯ ಚಿರಂತ್‌ನ ಚೀಟಿಯ ಹಿಂಭಾಗದಲ್ಲಿ "ತಮ್ಮ ಆಗಮನಾಭಿಲಾಷಿಗಳು" ಎಂದು ಚಿನ್ನದ ಅಕ್ಷರದಲ್ಲಿದೆ. ಮಾತಿನ ಮಲ್ಲನಾದ ಅವನಿಗೆ ಅದು ಒಪ್ಪುತ್ತದೆ ಎಂದು ಗಂಗಾ ಮಿಸ್ ನಗುತ್ತಾರೆ.

"ಆ ಕಾಗದ ಗಟ್ಟಿ ಇರುತ್ತೆ, ಒಂದು ವರ್ಷ ಬಾಳಿಕೆ ಬರುತ್ತೆ. ಮದುವೆಗಳೂ ಅಷ್ಟೇ ಗಟ್ಟಿ ಇರ್ಲಿ ಅಂತ ಬೇಡ್ಕೋತೀನಿ" ಎನ್ನುತ್ತಾರೆ.

ಅವರು ಹುಟ್ಟಿದ್ದು ತಿಪಟೂರು ಕಡೆಯ ಒಂದು ಹಳ್ಳಿಯಲ್ಲಿ. ಶಾಲೆಯಲ್ಲಿ ಮಗ್ಗಿ ಒಪ್ಪಿಸಲು ನಿಂತರೆ ನಾಲಿಗೆ ಕೈಕೊಡುತ್ತಿತ್ತು. ನೆಲದ ಮೇಲೆ ಹುಣಸೆಬೀಜ ಜೋಡಿಸಿಕೊಂಡರೆ ಹದಿನಾರರ ಮಗ್ಗಿಯನ್ನೂ ತಪ್ಪಿಲ್ಲದೆ ತೋರಿಸಬಲ್ಲವರಾಗಿದ್ದರು. ಹುಣಸೆಬೀಜ ತೋರಿಸು ಎಂದು ಯಾವ ಮೇಷ್ಟ್ರೂ ಕೇಳಲಿಲ್ಲ. ಎರಡು ವರ್ಷ ಬೆಂಚಿನ ಮೇಲೆ ನಿಂತದ್ದೇ ಬಂತು.

"ನಂಗೆ ಗೊತ್ತಿತ್ತು. ಗೊತ್ತಿದೆ ಅಂತ ತೋರ್ಸಕ್ಕೆ ಇದ್ದಿದ್ದು ಒಂದೇ ಬಾಗ್ಲು, ಬಾಯಿ. ಅದು ನಂಗೆ ತೆರ್ಕೊತಿರ್ಲಿಲ್ಲ" ಎಂದು ಅವರು ಈಗ ನಿಧಾನವಾಗಿ ಹೇಳುತ್ತಾರೆ. ಆ ಬೆಂಚು ಐವತ್ತು ವರ್ಷದ ಮೇಲೂ ಅವರ ಕಾಲಿಗೆ ನೆನಪಿದೆ.

ಹನ್ನೊಂದು ವರ್ಷದ ಹಿಂದೆ ಎರಡು ದಿನದ ತರಬೇತಿಯೊಂದರಲ್ಲಿ, ಮಕ್ಕಳಿಗೆ ಕಲಿಯುವ ದಾರಿಯನ್ನು ಆರಿಸಿಕೊಳ್ಳಲು ಬಿಡಿ, ಎಲ್ಲ ಬಗೆಯ ಮಕ್ಕಳೂ ಒಂದೇ ಕೋಣೆಯಲ್ಲಿ ಕಲಿಯಬಹುದು ಎಂದು ಯಾರೋ ಹೇಳಿದರು. ಬಂದಿದ್ದವರು ಮಧ್ಯಾಹ್ನದ ಬೋಂಡದ ಜೊತೆ ಆ ಮಾತನ್ನೂ ಅರಗಿಸಿಕೊಂಡು ಮನೆಗೆ ಹೋದರು. ನೀಲಗಂಗಮ್ಮ ಮಾತ್ರ ಸೀದಾ ಗಂಡನ ಅಂಗಡಿಗೆ ಹೋದರು. ಗಂಡ ಶಿವರಾಜ್ ಅವರದು ಗಿರಿನಗರದಲ್ಲೊಂದು ಪುಟ್ಟ ಹಾರ್ಡ್‌ವೇರ್ ಅಂಗಡಿ. "ಒಂದು ಹಲಗೆ, ಐದು ಮೊಳೆ ಕೊಡಿ" ಎಂದು ಕೇಳಿದ ಹೆಂಡತಿಗೆ ಅವರು ಹಲಗೆಯನ್ನು ತಾವೇ ಉಜ್ಜಿ ನಯ ಮಾಡಿ ಕೊಟ್ಟರು. "ಅವತ್ತಿಂದ ಇವಳ ಸ್ಕೂಲಿಗೆ ಸಪ್ಲೈ ನಂದೇ. ಬಿಲ್ ಇಲ್ಲ, ಥ್ಯಾಂಕ್ಸೂ ಇಲ್ಲ" ಎಂದು ಶಿವರಾಜ್ ಹೆಮ್ಮೆಯಿಂದಲೇ ದೂರುತ್ತಾರೆ.

ಹೆಡ್‌ಮಾಸ್ಟರ್ ಏಕಾಂತಯ್ಯನವರಿಗೆ ಐದನೇ ಮೊಳೆಯ ಮೇಲೆ ಮೊದಲಿನಿಂದಲೂ ಅನುಮಾನ. "ಸುಮ್ನೆ ಕೂತು ನೋಡೋದಕ್ಕೂ ಒಂದು ಮೊಳೆ ಇಟ್ರೆ ಎಲ್ಲರೂ ಅಲ್ಲೇ ತೂಗಾಡ್ತಾರೆ ಮೇಡಂ" ಎಂದಿದ್ದರು. ಅವರು ಹೇಳಿದಂತೆಯೇ ಆಯಿತು, ಒಂದು ವಾರದ ಮಟ್ಟಿಗೆ. ಎರಡನೇ ವಾರಕ್ಕೆ ಮಕ್ಕಳಿಗೆ ಸುಮ್ಮನೆ ಕೂತು ಕೂತು ಬೇಜಾರಾಯಿತು. ಈಗ ಆ ಮೊಳೆಗೆ ದಿನಕ್ಕೆ ಎರಡೋ ಮೂರೋ ಚೀಟಿ ಬಿದ್ದರೆ ಹೆಚ್ಚು. ರಾತ್ರಿ ಮನೆಯಲ್ಲಿ ಜಗಳವಾದ ಮಗು, ಜ್ವರ ಬಿಟ್ಟು ಬಂದ ಮಗು ಅಲ್ಲಿಗೆ ಹೋಗುತ್ತದೆ. ಒಂದನೇ ತರಗತಿಯ ಸಿರಿಗೆ ಮನೆಯಲ್ಲಿ ತೆಲುಗು ಬಿಟ್ಟರೆ ಬೇರೆ ಗೊತ್ತಿಲ್ಲ. ಜೂನ್‌ನಿಂದ ನವೆಂಬರ್‌ವರೆಗೆ ಅವಳ ಚೀಟಿ ಐದನೇ ಮೊಳೆ ಬಿಟ್ಟು ಕದಲಲಿಲ್ಲ. ದೀಪಾವಳಿ ರಜೆ ಮುಗಿದ ಮರುದಿನ ಅವಳು ತಾನಾಗಿ "ಹೇಳು" ಮೊಳೆಗೆ ಚೀಟಿ ಹಾಕಿ, ಐದು ತಿಂಗಳು ಕೂಡಿಟ್ಟ ಮಾತನ್ನೆಲ್ಲ ಕನ್ನಡದಲ್ಲಿ ಹೊರಗೆ ಹಾಕಿದಳು. ಗಂಗಾ ಮಿಸ್ ಅವತ್ತು ಬಿಸಿಯೂಟದ ಅಡುಗೆಯ ಅಣ್ಣಮ್ಮನಿಂದ ಒಂದು ಚಮಚ ಸಕ್ಕರೆ ಇಸಿದುಕೊಂಡು ಬಾಯಿಗೆ ಹಾಕಿಕೊಂಡರಂತೆ. ಸಕ್ಕರೆ ಕಾಯಿಲೆ ಅವರಿಗೂ ಇದೆ.

ಇಷ್ಟೆಲ್ಲ ಕೇಳಿ ಅವರನ್ನು ಹೊಗಳಲು ಹೊರಟರೆ, ಅವರು ತಡೆದು ತಮ್ಮದೊಂದು ತಪ್ಪನ್ನು ಮುಂದಿಡುತ್ತಾರೆ. ಎರಡು ವರ್ಷದ ಹಿಂದೆ ಜೂನ್‌ನಲ್ಲಿ ಧೃತಿ ಎರಡನೇ ತರಗತಿಗೆ ಸೇರಿದಳು. ಹುಟ್ಟಿನಿಂದಲೇ ಅವಳ ಕಾಲುಗಳಲ್ಲಿ ಬಲವಿಲ್ಲ. ಅಂಗೈ ಊರಿಕೊಂಡು, ಕೂತಲ್ಲಿಂದ ಕೂತಲ್ಲಿಗೆ ಸರಿಯುತ್ತಾಳೆ, ಅದೂ ಸಾಕಷ್ಟು ವೇಗವಾಗಿ. ಆಗ ಹಲಗೆ ಇದ್ದದ್ದು ನಿಂತ ಮಕ್ಕಳ ಎದೆಯೆತ್ತರಕ್ಕೆ. ಕೂತ ಹುಡುಗಿಗೆ ಅದು ಎಟುಕುತ್ತಿರಲಿಲ್ಲ. "ನಿನ್ನ ಚೀಟಿ ನಾನೇ ಹಾಕ್ತೀನಿ ಬಿಡು ಕಂದ" ಎಂದು ಗಂಗಾ ಮಿಸ್ ದಿನಾ ತಾವೇ ಅದನ್ನು "ಓದು" ಮೊಳೆಗೆ ಸಿಕ್ಕಿಸುತ್ತಿದ್ದರು. ಒಂದೇ ಕಡೆ ಕೂತು ಮಾಡುವ ಕೆಲಸ, ಮಗುವಿಗೆ ಆಯಾಸವಾಗುವುದಿಲ್ಲ ಎಂಬುದು ಅವರ ಎಣಿಕೆ. ಹುಡುಗಿ ಬೇಡವೆನ್ನಲಿಲ್ಲ. ಹೀಗೆ ಮೂರು ತಿಂಗಳು ಕಳೆಯಿತು.

ಒಂದು ಸೋಮವಾರ ಬಸ್ಸು ತಡವಾಗಿ ಅವರು ಬರುವಷ್ಟರಲ್ಲಿ ಮಕ್ಕಳು ಚೀಟಿ ಹಾಕಿ ಮುಗಿಸಿದ್ದರು. ಧೃತಿಯ ಚೀಟಿ ಬಾಗಿಲಿನ ಕೆಳಗಿನ ಚಿಲಕದಲ್ಲಿ ನೇತಾಡುತ್ತಿತ್ತು. ಗಾಳಿಗೆ ಹಾರಿ ಸಿಕ್ಕಿಕೊಂಡಿರಬೇಕು ಎಂದುಕೊಂಡು ತೆಗೆದು "ಓದು" ಮೊಳೆಗೆ ಹಾಕಿದರು. ಮಂಗಳವಾರವೂ ಚೀಟಿ ಚಿಲಕದಲ್ಲಿತ್ತು. ಬುಧವಾರ ಸ್ವಲ್ಪ ಗದರಿಸಿಯೇ ತೆಗೆದರು. ಪಾತ್ರೆ ತೊಳೆಯಲು ನೀರು ಹೊತ್ತು ಹೋಗುತ್ತಿದ್ದ ಅಣ್ಣಮ್ಮ ಬಾಗಿಲಲ್ಲಿ ನಿಂತರು.

"ಯಾಕ್ ಬೈತೀರ ಮಿಸ್ಸಮ್ಮ? ಆ ಮಗೀಗೆ ಕೈಗೆ ಎಟಕೋದು ಈ ರೂಮಲ್ಲಿ ಅದೊಂದೇ ಕಣ್ರೀ."

ನೀಲಗಂಗಮ್ಮ ಚೀಟಿಯನ್ನು ಮೊಳೆಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡರು. ಧೃತಿಯ ಪಕ್ಕ ಕೂತು, "ನಿಂಗೆ ಯಾವ ಮೊಳೆ ಇಷ್ಟ?" ಎಂದು ಕೇಳಿದರು. ಮೂರು ತಿಂಗಳಲ್ಲಿ ಆ ಪ್ರಶ್ನೆಯನ್ನು ಅವಳಿಗೆ ಕೇಳಿದ್ದು ಅದೇ ಮೊದಲು. ಹುಡುಗಿ ತಲೆ ಎತ್ತದೆ "ಕಟ್ಟು" ಎಂದಳು.

"ಆಯ್ಕೆ ಕೊಡ್ತೀನಿ ಆಯ್ಕೆ ಕೊಡ್ತೀನಿ ಅಂತ ಊರಿಗೆಲ್ಲ ಹೇಳ್ಕೊಂಡು ಓಡಾಡ್ತಿದ್ದೆ. ಮೂವತ್ತು ಮಕ್ಕಳಿಗೆ ಕೊಟ್ಟೆ, ಒಬ್ಬಳಿಗೆ ಮಾತ್ರ ಅವಳ ಬದ್ಲು ನಾನೇ ಆರ್ಸಿದೆ. ಪ್ರೀತಿಯಿಂದಾನೇ ಮಾಡಿದ್ದು. ಅದಕ್ಕೇ ತಪ್ಪು ಅಂತ ಗೊತ್ತಾಗ್ಲಿಲ್ಲ" ಎನ್ನುವಾಗ ಅವರ ದನಿ ಸಣ್ಣಗಾಗುತ್ತದೆ. ಅವತ್ತು ಸಂಜೆ ಶಿವರಾಜ್ ಸುತ್ತಿಗೆ ಹಿಡಿದು ಶಾಲೆಗೆ ಬಂದರು. ಧೃತಿಯನ್ನು ಗೋಡೆಯ ಪಕ್ಕ ಕೂರಿಸಿ, ಕೈ ಮುಂದಕ್ಕೆ ಚಾಚು ಎಂದು ಹೇಳಿ, ಬೆರಳ ತುದಿಗೆ ಸೀಮೆಸುಣ್ಣದ ಗೆರೆ ಎಳೆದರು. ಹಲಗೆ ಆ ಗೆರೆಗೆ ಇಳಿಯಿತು. ಅಂದಿನಿಂದ ಈ ಕೋಣೆಯಲ್ಲಿ ಚೀಟಿ ಹಾಕಬೇಕಾದರೆ ಎಲ್ಲರೂ ಕೂರಲೇಬೇಕು. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಹಲಗೆಯ ಮೇಲಿನ ಅಕ್ಷರ ಓದಲು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ನೆಲಕ್ಕೆ ಕೂತದ್ದನ್ನು ಮಕ್ಕಳು ಇವತ್ತಿಗೂ ಹೇಳಿಕೊಂಡು ನಗುತ್ತಾರೆ.

ಅದೆಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಎದುರಾದದ್ದು ಮೆಟ್ಟಿಲು. ನಾಲ್ಕು ಮತ್ತು ಐದನೇ ತರಗತಿ ಮಹಡಿಯ ಮೇಲಿವೆ. ಅಲ್ಲಿಗೆ ಹತ್ತೊಂಬತ್ತು ಮೆಟ್ಟಿಲು, ಅರ್ಧದಲ್ಲೊಂದು ತಿರುವು. ಈ ಜನವರಿಯಲ್ಲಿ ಏಕಾಂತಯ್ಯನವರು ಧೃತಿಯ ತಾಯಿ ಸುನಿತಾ ಅವರನ್ನು ಕರೆಸಿ, ಮುಂದಿನ ವರ್ಷದಿಂದ ಹುಡುಗಿ ಮನೆಯಲ್ಲೇ ಇರಲಿ, ವಾರಕ್ಕೊಮ್ಮೆ ಮನೆಗೇ ಟೀಚರ್ ಬಂದು ಪಾಠ ಹೇಳುವ ವ್ಯವಸ್ಥೆಯಿದೆ ಎಂದು ತಿಳಿಸಿದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತೇನಲ್ಲ. ಮೆಟ್ಟಿಲ ಮೇಲೆ ಮಗು ಜಾರಿ ಬಿದ್ದರೆ ಗತಿಯೇನು ಎಂಬ ಹೆದರಿಕೆ ಅವರದು.

ಸುನಿತಾ ಜಯನಗರದ ಅಂಗಡಿಯೊಂದರಲ್ಲಿ ಸೀರೆಗೆ ಫಾಲ್ಸ್ ಹಾಕುವ ಕೆಲಸ ಮಾಡುತ್ತಾರೆ. ಮಗಳು ಮನೆಯಲ್ಲಿ ಉಳಿದರೆ ಅವರೂ ಉಳಿಯಬೇಕು. "ಕೆಲ್ಸ ಹೋದ್ರೆ ಹೋಗ್ಲಿ ಮಿಸ್, ಮನೇಲೇ ಕೂತು ಹೊಲೀತೀನಿ. ಆದ್ರೆ ಇವಳು ಬೆಳಗ್ಗೆ ಆರು ಗಂಟೆಗೇ ಎದ್ದು ಯೂನಿಫಾರ್ಮ್ ಹಾಕ್ಕೊಂಡು ಬಾಗ್ಲಲ್ಲಿ ಕೂತಿರ್ತಾಳೆ. ಅವಳಿಗೆ ಏನಂತ ಹೇಳ್ಲಿ?" ಎಂದು ಗಂಗಾ ಮಿಸ್ ಎದುರು ಕಣ್ಣೀರು ಹಾಕಿದರು.

ಗಂಗಾ ಮಿಸ್ ಸುಮ್ಮನೆ ಕೂರಲಿಲ್ಲ. ನಾಲ್ಕನೇ ತರಗತಿಯ ಪ್ರಸನ್ನ ಮೇಷ್ಟ್ರ ಜೊತೆ ಮಾತಾಡಿದರು. ಮೂವತ್ನಾಲ್ಕು ವರ್ಷದ ಪ್ರಸನ್ನ ಒಳ್ಳೆಯ ಪಾಠಗಾರ, ಆದರೆ ಪುಸ್ತಕ ಮುಗಿಯದಿದ್ದರೆ ನಿದ್ದೆ ಬರದ ಪೈಕಿ. "ನನ್ನ ಕ್ಲಾಸಲ್ಲಿ ಮೊಳೆ ಗಿಳೆ ನಡೆಯಲ್ಲ ಮಿಸ್, ಸಿಲಬಸ್ ಯಾರು ಮುಗಿಸ್ತಾರೆ?" ಎಂದು ಮೊದಲೇ ಕೈ ಮುಗಿದರು. ಹುಡುಗಿಯನ್ನು ಎತ್ತಿಕೊಂಡು ಹತ್ತಲು ಆಯಾ ಒಬ್ಬರನ್ನು ಕೊಡಿ ಎಂದು ಗಂಗಾ ಮಿಸ್ ಎರಡು ಅರ್ಜಿ ಬರೆದರು. ಅರ್ಜಿಗೆ ಉತ್ತರ ಬರುವ ಮೊದಲೇ ಧೃತಿ ತನ್ನ ಉತ್ತರ ಕೊಟ್ಟಳು. "ನನ್ನನ್ನ ಯಾರೂ ಎತ್ಕೊಂಡ್ ಹೋಗೋದು ಬೇಡ ಮಿಸ್. ನಾನೇನು ಪಾಪು ಅಲ್ಲ."

ಬೆಲ್ಲು ಹೊಡೆದಿದೆ. ಮಕ್ಕಳು ತಟ್ಟೆಯ ಸುತ್ತ ಮುಗಿಬಿದ್ದಿದ್ದಾರೆ. ಇವತ್ತಿನ ಪಾಠದ ಪ್ರಶ್ನೆ ಕಪ್ಪುಹಲಗೆಯ ಮೇಲಿದೆ: ನಮ್ಮ ಶಾಲೆಯಲ್ಲಿ ಏನು ಎಲ್ಲಿದೆ? ಹತ್ತೇ ನಿಮಿಷದಲ್ಲಿ ಕೋಣೆ ನಾಲ್ಕು ಮೂಲೆಗೆ ಹಂಚಿಕೆಯಾಗುತ್ತದೆ. "ಬರಿ" ಮೊಳೆಯವರು ಮರ, ನಲ್ಲಿ, ಅಡುಗೆಮನೆ ಎಂದು ಪಟ್ಟಿ ಮಾಡುತ್ತಿದ್ದಾರೆ. "ಹೇಳು" ಮೊಳೆಯ ಚಿರಂತ್ ಗೆಳೆಯನ ಕಣ್ಣಿಗೆ ಕರ್ಚೀಫು ಕಟ್ಟಿ, ಗೇಟಿನಿಂದ ನಲ್ಲಿಯವರೆಗೆ ಬರೀ ಮಾತಿನಲ್ಲೇ ನಡೆಸಬೇಕು. "ಸ್ಟ್ರೇಟ್ ಹೋಗು ಗುರು, ಸ್ಟ್ರೇಟ್. ಈಗ ಲೆಫ್ಟು. ಅಯ್ಯೋ, ನಿನ್ನ ಲೆಫ್ಟು ಮಗಾ, ನಂದಲ್ಲ" ಎಂದು ಅವನು ಕೂಗುವುದು ಕೆರೆಯವರೆಗೆ ಕೇಳುತ್ತಿರಬೇಕು. ಗೆಳೆಯ ನಲ್ಲಿಯ ಬದಲು ಅಣ್ಣಮ್ಮನ ಬೇಳೆ ಡಬ್ಬಿಗೆ ಕೈ ಹಾಕುತ್ತಾನೆ.

ಧೃತಿ "ಕಟ್ಟು" ಮೂಲೆಯಲ್ಲಿ ಒಂದು ರಾಶಿ ಬೆಂಕಿಪೊಟ್ಟಣ ಹರಡಿಕೊಂಡು ಕೂತಿದ್ದಾಳೆ. ಅವಳು ಶಾಲೆಯನ್ನೇ ಕಟ್ಟುತ್ತಿದ್ದಾಳೆ. ಕೆಳಗೊಂದು ಸಾಲು, ಮೇಲೊಂದು ಸಾಲು, ಮದುವೆ ಕಾಗದವನ್ನು ಮಡಿಚಿ ಮಾಡಿದ ಮೆಟ್ಟಿಲು. ಪ್ರತಿ ಪೊಟ್ಟಣದ ಮೇಲೆ ತರಗತಿಯ ಅಂಕಿ ಬರೆದು ಅಂಟಿಸುತ್ತಾಳೆ. ಮಗು "ಆಯ್ತು ಮಿಸ್" ಎನ್ನುವವರೆಗೆ ಅದರ ಕೆಲಸಕ್ಕೆ ಕೈ ಹಾಕಬಾರದು ಎಂಬುದು ಗಂಗಾ ಮಿಸ್ ತಮಗೆ ತಾವೇ ಹಾಕಿಕೊಂಡ ಕಟ್ಟಳೆ. ಹತ್ತೂವರೆಗೆ ಧೃತಿ ಆಯ್ತು ಎಂದಳು.

ಅವರು ಬಗ್ಗಿ ನೋಡಿದರು. ನಾಲ್ಕು ಎಂದು ಬರೆದ ಪೊಟ್ಟಣ ಕೆಳಗಿನ ಸಾಲಿನಲ್ಲಿದೆ, ಹೆಡ್‌ಮಾಸ್ಟರ್ ಕೋಣೆ ಇರಬೇಕಾದ ಜಾಗದಲ್ಲಿ. "ಇದು ಮೇಲಿರ್ಬೇಕಲ್ವಾ ಪುಟ್ಟ?" ಎನ್ನುತ್ತಾ ಅದನ್ನು ಎತ್ತಲು ಕೈ ಚಾಚಿದರು. ಕೈ ಅರ್ಧಕ್ಕೇ ನಿಂತಿತು. ಬಾಗಿಲ ಚಿಲಕದಿಂದ ಮೂರು ದಿನ ಚೀಟಿ ತೆಗೆದ ಕೈ ಅದೇ ಅಲ್ಲವೇ. ಹಿಂದಕ್ಕೆ ತೆಗೆದುಕೊಂಡು, "ಯಾಕೆ ಇಲ್ಲಿಟ್ಟೆ?" ಎಂದಷ್ಟೇ ಕೇಳಿದರು.

"ಇಲ್ಲಿದ್ರೆ ಚೆನ್ನಾಗಿರುತ್ತೆ ಮಿಸ್."

ಗಂಗಾ ಮಿಸ್ ಸ್ವಲ್ಪ ಹೊತ್ತು ಆ ಪೊಟ್ಟಣವನ್ನೇ ನೋಡಿದರು. ಆಮೇಲೆ ಸಭೆಗೆ ಬರುವವರು ನೋಡಲೆಂದು ಮಕ್ಕಳ ಉಳಿದ ಕೆಲಸಗಳ ಜೊತೆ ಆ ಪೊಟ್ಟಣದ ಶಾಲೆಯನ್ನೂ ಕೋಣೆಯ ನಡುವೆ ಇಟ್ಟರು.

ಹನ್ನೊಂದೂವರೆಗೆ ಸಭೆ ಸೇರಿತು. ಸಮಿತಿಯ ಅಧ್ಯಕ್ಷರು ಆಟೊ ಓಡಿಸುವ ಚಿಕ್ಕಬೈರಪ್ಪ, ಮಿಕ್ಕವರು ಮಕ್ಕಳ ತಂದೆತಾಯಂದಿರು. ಈ ಕೋಣೆಯಲ್ಲಿ ಕುರ್ಚಿ ಎರಡೇ ಇರುವುದರಿಂದ ಎಲ್ಲರೂ ಚಾಪೆಯ ಮೇಲೆ ಕೂತರು. ಮೊಣಕಾಲು ನೋವಿನ ಏಕಾಂತಯ್ಯನವರು ಮಾತ್ರ ಕುರ್ಚಿಯಲ್ಲಿ. ಅಮ್ಮನ ಪಕ್ಕ ಧೃತಿ ಇದ್ದಳು. ಹೆಡ್‌ಮಾಸ್ಟರ್ ಕಾಗದ ತೆಗೆದು ವಿಷಯಕ್ಕೆ ಬರುವ ಮೊದಲು ಅವರ ಕಣ್ಣು ಬೆಂಕಿಪೊಟ್ಟಣದ ಶಾಲೆಯ ಮೇಲೆ ಬಿತ್ತು. ಅವರು ಮೂವತ್ತೈದು ವರ್ಷದಿಂದ ಮೇಷ್ಟ್ರಾಗಿರುವವರು, ತಪ್ಪು ಕಂಡರೆ ತಿದ್ದದೆ ಇರಲಾರರು.

"ಯಾರಮ್ಮ ಇದನ್ನ ಮಾಡಿದ್ದು, ನೀನಾ? ಚೆನ್ನಾಗಿದೆ. ಆದ್ರೆ ತಪ್ಪಾಗಿದೆಯಲ್ಲ. ಇಲ್ಲಿ ನನ್ನ ರೂಮು ಇರಬೇಕಿತ್ತು. ಎಲ್ಲೋಯ್ತು?"

"ಮೇಲಿದೆ ಸಾರ್."

"ಮೇಲಾ? ನನಗೆ ಮೊಣಕಾಲು ನೋವು ಕಣಮ್ಮ."

ಧೃತಿ ಒಂದು ಗಳಿಗೆ ಯೋಚಿಸಿದಳು. "ನಿಮಗೆ ಹತ್ತಕ್ಕೆ ಆಗುತ್ತಲ್ವಾ ಸಾರ್? ನಿಧಾನಕ್ಕಾದ್ರೂ?"

ಸುನಿತಾ ಮಗಳ ತೋಳು ಹಿಡಿದು "ಸುಮ್ನಿರೇ" ಎಂದರು. ಪಾತ್ರೆ ತಿಕ್ಕುತ್ತಿದ್ದ ಅಣ್ಣಮ್ಮ ಅಡುಗೆಮನೆಯಿಂದ ಇಣುಕಿದರು. ಈ ಕಟ್ಟಡ ಎದ್ದಾಗಿನಿಂದ ಹೆಡ್‌ಮಾಸ್ಟರ್ ಕೋಣೆ ಗೇಟಿನ ಎದುರಿಗೇ ಇದೆ. ಅದು ಒಂದು ಇಡೀ ತರಗತಿಯಷ್ಟು ದೊಡ್ಡದು, ಅರ್ಧ ಬೀರುಗಳೇ ತುಂಬಿವೆ. ಅದನ್ನು ಅಲುಗಾಡಿಸಬಹುದು ಎಂದು ಯಾರ ತಲೆಗೂ ಬಂದಿರಲಿಲ್ಲ. ಏಕಾಂತಯ್ಯನವರು ಗಂಗಾ ಮಿಸ್ ಕಡೆ ತಿರುಗಿದರು.

"ನೀವು ಹೇಳ್ಕೊಟ್ರಾ ಮೇಡಂ?"

"ಇಲ್ಲ ಸಾರ್. ನಂಗೆ ಹೊಳೆದಿದ್ರೆ ಜನವರೀಲೇ ನಿಮ್ಮ ಹತ್ರ ಬಂದು ಹೇಳ್ತಿದ್ದೆ. ಎರಡು ತಿಂಗ್ಳು ನಾನು ಅವಳನ್ನ ಮೇಲೆ ಹತ್ತಿಸೋದು ಹೇಗೆ ಅಂತಾನೇ ಯೋಚ್ನೆ ಮಾಡ್ತಿದ್ದೆ. ಕ್ಲಾಸನ್ನ ಕೆಳಗಿಳಿಸ್ಬೋದು ಅಂತ ಅವಳಿಗೆ ಗೊತ್ತಾಯ್ತು, ನಮಗ್ಯಾರಿಗೂ ಗೊತ್ತಾಗ್ಲಿಲ್ಲ."

ಏಕಾಂತಯ್ಯನವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಪೊಟ್ಟಣದ ಶಾಲೆಯನ್ನು ಇನ್ನೊಂದು ಸಲ ನೋಡಿದರು. ಆಮೇಲೆ ಕುರ್ಚಿಯಿಂದ ಎದ್ದು, ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡು, ಚಾಪೆಗೆ ಇಳಿದು ಕೂತರು. ಕೂರುವಾಗ ಮೊಣಕಾಲು ಲಟಕ್ಕೆಂದದ್ದು ಎಲ್ಲರಿಗೂ ಕೇಳಿಸಿತು. "ಕೆಳಗೆ ಗೋಡೆಯೆಲ್ಲ ತೇವ. ರೆಕಾರ್ಡೆಲ್ಲ ಮುಗ್ಗಲು ಹಿಡೀತಿದೆ" ಎಂದು ಯಾರ ಮುಖವನ್ನೂ ನೋಡದೆ ಹೇಳಿದರು. "ರೆಕಾರ್ಡಿಗೆ ಮೇಲೇ ಒಳ್ಳೇದು. ಅಲ್ವಾ ಬೈರಪ್ಪ?"

"ಒಳ್ಳೇದೇ ಸಾರ್" ಎಂದ ಚಿಕ್ಕಬೈರಪ್ಪ ನಗು ತಡೆಯಲು ಮೀಸೆ ನೀವಿಕೊಂಡರು. "ಬೀರು ಹೊರೋಕೆ ನಮ್ಮ ಸ್ಟ್ಯಾಂಡ್ ಹುಡುಗ್ರನ್ನ ಕರ್ಕೊಂಡ್ ಬರ್ತೀನಿ."

ನಡಾವಳಿ ಪುಸ್ತಕದಲ್ಲಿ ಅವತ್ತಿನ ತೀರ್ಮಾನ ಹೀಗಿದೆ: "ದಾಖಲೆಗಳ ಸುರಕ್ಷತೆಯ ದೃಷ್ಟಿಯಿಂದ ಮುಖ್ಯೋಪಾಧ್ಯಾಯರ ಕೊಠಡಿಯನ್ನು ಮಹಡಿಗೂ, ನಾಲ್ಕನೇ ತರಗತಿಯನ್ನು ಕೆಳಗಿನ ಕೊಠಡಿಗೂ ಸ್ಥಳಾಂತರಿಸಲು ಸರ್ವಾನುಮತದಿಂದ ಒಪ್ಪಲಾಯಿತು." ಧೃತಿಯ ಹೆಸರು ಅದರಲ್ಲಿಲ್ಲ. ಗಂಗಾ ಮಿಸ್ ಹೆಸರಂತೂ ಇಲ್ಲವೇ ಇಲ್ಲ. ಸಹಿ ಹಾಕುವಾಗ ಅವರು ಆ ಸಾಲನ್ನು ಎರಡು ಸಲ ಓದಿ ಸಂತೋಷಪಟ್ಟರು. ಹೆಸರಿಲ್ಲದಿದ್ದರೇನು, ಹುಡುಗಿ ಇದ್ದಾಳಲ್ಲ ಎಂಬುದು ಅವರ ಲೆಕ್ಕ. ಸುನಿತಾ ಮಾತ್ರ ಗೇಟಿನ ಬಳಿ ಅವರ ಎರಡೂ ಕೈ ಹಿಡಿದುಕೊಂಡು ನಿಂತರು, ಎಷ್ಟು ಹೊತ್ತಾದರೂ ಬಿಡಲಿಲ್ಲ.

ಸೋಮವಾರ ಬೆಳಗ್ಗೆ ಏಳೂವರೆ. ಐದು ಬೀರು, ಎರಡು ಮೇಜು, ಗಾಜಿನ ಚೌಕಟ್ಟಿನೊಳಗಿನ ವೇಳಾಪಟ್ಟಿ, ಎಲ್ಲವೂ ಆಟೊ ಸ್ಟ್ಯಾಂಡಿನ ಹುಡುಗರ ಹೆಗಲೇರಿ ಮೆಟ್ಟಿಲು ಹತ್ತುತ್ತಿವೆ. ಅವುಗಳ ಹಿಂದೆ ಏಕಾಂತಯ್ಯನವರೂ ಹತ್ತುತ್ತಿದ್ದಾರೆ, ನಿಧಾನಕ್ಕೆ. ತಿರುವಿನಲ್ಲಿ ನಿಂತು ಉಸಿರು ತೆಗೆದುಕೊಂಡು, ಕೆಳಗಿನಿಂದ ನೋಡುತ್ತಿರುವ ಧೃತಿಗೆ "ಹತ್ತಿದೆ ನೋಡಮ್ಮ" ಎನ್ನುತ್ತಾರೆ. ಅವಳು ಗಂಭೀರವಾಗಿ ತಲೆಯಾಡಿಸುತ್ತಾಳೆ, ಟೀಚರಮ್ಮನ ಹಾಗೆ.

ಗಂಗಾ ಮಿಸ್ ತಮ್ಮ ಕೋಣೆಯಲ್ಲಿ ಚೀಟಿ ತೆಗೆಯುತ್ತಿದ್ದಾರೆ. ನಿವೃತ್ತಿಗೆ ಇನ್ನು ಎರಡು ವರ್ಷ. ಆಮೇಲೇನು ಎಂದರೆ ಅವರ ಬಳಿ ದೊಡ್ಡ ಯೋಜನೆಗಳಿಲ್ಲ. "ನಂಗೆ ಸನ್ಮಾನ ಗಿನ್ಮಾನ ಏನೂ ಬೇಡ. ನಾನು ಹೋದ್ಮೇಲೆ ಬರೋರು ಈ ಹಲಗೆ ನೋಡಿ, ಇದೇನು ಇಷ್ಟು ಕೆಳಗಿದೆ ಅಂತ ಮೇಲಕ್ಕೆತ್ತಿ ಹೊಡೀದೇ ಇದ್ರೆ ಸಾಕು" ಎನ್ನುತ್ತಾರೆ. ಹೇಳುತ್ತಾ ಹೇಳುತ್ತಾ ಹಲಗೆಯ ಅಂಚನ್ನು ಸೆರಗಿನಿಂದ ಒರೆಸುತ್ತಾರೆ. ಹನ್ನೊಂದು ವರ್ಷದಲ್ಲಿ ಅದು ಕೈ ತಾಗಿ ತಾಗಿ ನುಣುಪಾಗಿದೆ.

ಪಕ್ಕದ ಕೋಣೆಯಿಂದ ಸುತ್ತಿಗೆಯ ಸದ್ದು ಕೇಳಿ ಅವರು ಕಿವಿ ನಿಮಿರಿಸುತ್ತಾರೆ. ಸದ್ದು ನಿಲ್ಲುತ್ತದೆ. ಬಾಗಿಲಲ್ಲಿ ಪ್ರಸನ್ನ ಮೇಷ್ಟ್ರು ಕಾಣಿಸಿಕೊಳ್ಳುತ್ತಾರೆ. ಒಂದು ಕೈಯಲ್ಲಿ ಐದು ಮೊಳೆ ಬಡಿದ ಹೊಸ ಹಲಗೆ, ಇನ್ನೊಂದರಲ್ಲಿ ಸುತ್ತಿಗೆ, ತುಟಿಯ ನಡುವೆ ಎರಡು ಮೊಳೆ. ಭಾನುವಾರ ಯಾರಿಗೂ ಹೇಳದೆ ಗಿರಿನಗರಕ್ಕೆ ಹೋಗಿ ಶಿವರಾಜ್ ಅವರ ಅಂಗಡಿಯಿಂದಲೇ ತಂದದ್ದಂತೆ. ಗಂಗಾ ಮಿಸ್ ಕಣ್ಣಂಚು ಒದ್ದೆಯಾಗಿದೆ, ಅದನ್ನು ಅವರು ಸೀಮೆಸುಣ್ಣದ ಧೂಳಿನ ತಲೆಗೆ ಕಟ್ಟುತ್ತಾರೆ. ಪ್ರಸನ್ನ ಮೊಳೆಗಳನ್ನು ಬಾಯಿಂದ ತೆಗೆದು ಕೇಳುತ್ತಾರೆ.

"ಸಿಲಬಸ್ ಮುಗೀದಿದ್ರೆ ನಿಮ್ಮನ್ನೇ ಕೇಳ್ತೀನಿ ಮಿಸ್, ಈಗ್ಲೇ ಹೇಳಿದೀನಿ. ಇದನ್ನ ಎಷ್ಟು ಎತ್ತರಕ್ಕೆ ಹೊಡೀಲಿ?"

ಗಂಗಾ ಮಿಸ್ ನೆಲದಿಂದ ಏಳುವುದಿಲ್ಲ. ತಟ್ಟೆಗೆ ಕೊನೆಯ ಚೀಟಿ ಹಾಕಿ, ಹೊರಗೆ ಮೆಟ್ಟಿಲ ಬುಡದಲ್ಲಿ ಕೂತ ಹುಡುಗಿಯ ಕಡೆ ಕೈ ತೋರಿಸುತ್ತಾರೆ.

"ನನ್ನ ಕೇಳ್ಬೇಡಿ ಪ್ರಸನ್ನ. ನಾನು ಒಂದ್ಸಲ ತಪ್ಪು ಹೊಡೆದವಳು. ಅವಳನ್ನ ಕೇಳಿ."